ಸೋಗಾನೆಯಿಂದ ಹಾರುವಾಗ ರೇಡಿಯೋದಲ್ಲಿ ಯಾರಿರಬೇಕು? ಮನೆಯ ಸಿಮ್ಯುಲೇಟರಿಗೆ ಎಟಿಸಿ ಆಯ್ಕೆ

ಶಿವಮೊಗ್ಗದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸವಿರುವ ಮಲೆನಾಡಿಗರಿಗೆ ಅಂದಿನಿಂದ ತಮ್ಮ ಊರಿನ 3,200 ಮೀಟರ್ ಉದ್ದದ ರನ್‌ವೇಯಿಂದಲೇ ಮೇಲೇರಿ, ಹೆಸರು ಹೇಳಿ ಗುರುತಿಸಬಲ್ಲ ಬೆಟ್ಟಗಳ ಮೇಲೆ ಹಾರುವ ಸುಖ ಸಿಕ್ಕಿದೆ. ಹಾಗೆ ಹಾರತೊಡಗಿದವರಿಗೆ ಬಹುಬೇಗ ಅರಿವಾಗುವ ಕೊರತೆಯೆಂದರೆ ಸಿಮ್ಯುಲೇಟರಿನ ಜೊತೆಗೇ ಬರುವ ವಾಯುಸಂಚಾರ ನಿಯಂತ್ರಣದ್ದು, ಅಂದರೆ ಎಟಿಸಿಯದ್ದು. ಅದನ್ನು ತಿದ್ದಿಕೊಂಡು ಬಳಸಬಹುದು, ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಕೊಂಡು ಅದರ ಜಾಗದಲ್ಲಿ ಕೂರಿಸಬಹುದು, ಇಲ್ಲವೇ ಮನುಷ್ಯರೇ ನಿಯಂತ್ರಕರಾಗಿ ಕುಳಿತಿರುವ ಜಾಲಕ್ಕೆ ಸೇರಬಹುದು. ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ.

ಹೋಲಿಕೆಗೆ ಇಳಿಯುವ ಮುನ್ನ ಕೊರತೆ ನಿಜವಾಗಿ ಎಲ್ಲಿದೆ ಎಂಬುದನ್ನು ಬಿಡಿಸಿ ನೋಡಬೇಕು. ಹೆಚ್ಚಿನವರು ದೂರುವುದು ಧ್ವನಿಯನ್ನು: ಯಂತ್ರ ಮಾತಾಡಿದಂತೆ ಕೇಳುತ್ತದೆ, ಊರಿನ ಹೆಸರನ್ನು ತಿರುಚಿ ಹೇಳುತ್ತದೆ ಎಂದು. ನನ್ನ ದೃಷ್ಟಿಯಲ್ಲಿ ಧ್ವನಿ ಅತ್ಯಂತ ಸಣ್ಣ ದೋಷ. ಅದಕ್ಕಿಂತ ದೊಡ್ಡ ದೋಷಗಳು ಎರಡಿವೆ. ಮೊದಲನೆಯದು, ಈ ನಿಯಂತ್ರಕನಿಗೆ ನೆಲದ ಏರಿಳಿತದ ಪರಿವೆ ಸಾಕಷ್ಟಿಲ್ಲದೆ, ಯಾವಾಗ ಇಳಿಸಬೇಕು, ಎಷ್ಟಕ್ಕೆ ಇಳಿಸಬೇಕು ಎಂಬ ವಿವೇಚನೆ ಕೈಕೊಡುವುದು. ಎರಡನೆಯದು, ಪೈಲಟ್ ಬಾಯಿ ತೆರೆಯುವ ಅಗತ್ಯವೇ ಇಲ್ಲದಿರುವುದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಿ ಎಟಿಸಿ ಕಿಟಕಿಯ ಸಾಲುಗಳ ಪೈಕಿ ಒಂದರ ಅಂಕಿಯನ್ನು ಒತ್ತಿದರೆ ಸಾಕು, ಸಿಮ್ಯುಲೇಟರೇ ನಿಮ್ಮ ಪರವಾಗಿ ಒಂದಕ್ಷರ ತಪ್ಪದಂತೆ ಮರುಪಠಣ ಮಾಡಿಬಿಡುತ್ತದೆ, ಅಂದರೆ ನಿಯಂತ್ರಕ ಹೇಳಿದ್ದನ್ನು ತಿರುಗಿ ಹೇಳಿಬಿಡುತ್ತದೆ. ಹೇಳಿದ್ದನ್ನು ನೀವು ಕೇಳಿಸಿಕೊಂಡಿರಾ ಎಂದು ಯಾರೂ ಪರೀಕ್ಷಿಸುವುದಿಲ್ಲ.

ಮರುಪಠಣವೆಂಬುದು ಶಿಷ್ಟಾಚಾರಕ್ಕಾಗಿ ಇರುವ ಮಾತಲ್ಲ. 1996ರ ನವೆಂಬರ್ 12ರಂದು ಚರ್ಖಿ ದಾದ್ರಿಯ ಆಕಾಶದಲ್ಲಿ 15,000 ಅಡಿಯಲ್ಲಿ ಉಳಿಯಬೇಕಾಗಿದ್ದ ಕಜಕಸ್ತಾನದ ವಿಮಾನವು ಅದಕ್ಕಿಂತ ಕೆಳಗಿಳಿದು, 14,000 ಅಡಿಯಲ್ಲಿ ಎದುರಿನಿಂದ ಬರುತ್ತಿದ್ದ ಸೌದಿಯ ಜಂಬೋ ವಿಮಾನಕ್ಕೆ ಬಡಿದು 349 ಜನ ಸತ್ತರು. ನಿಗದಿಯಾದ ಎತ್ತರವನ್ನು ಕೇಳಿಸಿಕೊಂಡು, ತಿರುಗಿ ಹೇಳಿ, ಅದನ್ನೇ ಪಾಲಿಸುವ ಕಟ್ಟುನಿಟ್ಟು ಎಷ್ಟು ಮುಖ್ಯವೆಂಬುದಕ್ಕೆ ಭಾರತದ ಆಕಾಶದಲ್ಲಿ ಇದಕ್ಕಿಂತ ಕಠೋರವಾದ ನಿದರ್ಶನವಿಲ್ಲ. ರನ್‌ವೇ, ಎತ್ತರ, ದಿಕ್ಕು, ವೇಗ, ಕ್ಯೂಎನ್‌ಎಚ್ (ಎತ್ತರಮಾಪಕಕ್ಕೆ ಹೊಂದಿಸುವ ಸ್ಥಳೀಯ ವಾಯುಒತ್ತಡ), ಸ್ಕ್ವಾಕ್ ಸಂಖ್ಯೆ (ರೇಡಾರಿನಲ್ಲಿ ವಿಮಾನವನ್ನು ಗುರುತಿಸುವ ಅಂಕಿ), ಇವನ್ನು ಪೈಲಟ್ ತನ್ನ ಬಾಯಿಂದಲೇ ತಿರುಗಿ ಹೇಳಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಆದ್ದರಿಂದ ಯಾವ ಆಯ್ಕೆಯನ್ನೇ ಆಗಲಿ ತೂಗುವಾಗ ನಾನು ಕೇಳುವ ಪ್ರಶ್ನೆಗಳು ಎರಡೇ: ಇದು ನನ್ನನ್ನು ಬೆಟ್ಟಕ್ಕೆ ಗುದ್ದಿಸದೆ ಇಳಿಸುತ್ತದೆಯೇ, ಮತ್ತು ಇದು ನನ್ನ ತಪ್ಪನ್ನು ಹಿಡಿಯುತ್ತದೆಯೇ?

ಇರುವುದನ್ನೇ ತಿದ್ದುವುದು

ಹಣ ಖರ್ಚು ಮಾಡುವ ಮೊದಲು ಇರುವ ಎಟಿಸಿಯನ್ನು ಸರಿಪಡಿಸಿಕೊಳ್ಳಲು ಸಾಕಷ್ಟು ದಾರಿಗಳಿವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಪುಕ್ಕಟೆ. ಎಟಿಸಿಗೆ ತಿಳಿದಿರುವ ಹಾರಾಟದ ಯೋಜನೆಗೂ ವಿಮಾನದ ಕಂಪ್ಯೂಟರಿಗೆ ತುಂಬಿದ ಯೋಜನೆಗೂ ತಾಳೆಯಿಲ್ಲದಿರುವುದೇ ಅರ್ಧಕ್ಕರ್ಧ ತಕರಾರುಗಳ ಮೂಲ. ನೀವು ಎಫ್‌ಎಂಸಿಯಲ್ಲಿ, ಅಂದರೆ ವಿಮಾನದ ಆ ಕಂಪ್ಯೂಟರಿನಲ್ಲಿ, ಒಂದು ದಾರಿ ಬರೆದು, ಎಟಿಸಿಯ ಬಳಿ ಬೇರೊಂದು ದಾರಿ ಇದ್ದರೆ, ನೀವು ಮೇಲೇರುವ ತನಕ ಅದು ಮೇಲೇರು, ಬೇಗ ಮೇಲೇರು ಎಂದು ಪೀಡಿಸುತ್ತಲೇ ಇರುತ್ತದೆ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನ 2024ರ ಆವೃತ್ತಿಯ ವಿಮಾನಗಳಲ್ಲಿರುವ ಟ್ಯಾಬ್ಲೆಟ್‌ನಲ್ಲಿ ಯೋಜನೆಯನ್ನು ವಿಮಾನದ ಉಪಕರಣಗಳಿಗೂ ಎಟಿಸಿಗೂ ಪ್ರತ್ಯೇಕವಾಗಿ ಕಳಿಸಬೇಕಾಗುತ್ತದೆ. ಒಂದಕ್ಕೆ ಕಳಿಸಿ ಇನ್ನೊಂದನ್ನು ಮರೆತರೆ ಮೇಲಿನ ಪೀಡೆ ತಪ್ಪದು. ಹಾರಾಟದ ಎತ್ತರವನ್ನೂ ಸಿಮ್ಯುಲೇಟರಿನ ಊಹೆಗೆ ಬಿಡದೆ ನೀವೇ ಹಾಕಬೇಕು. ಸೋಗಾನೆಯಿಂದ ಮಂಗಳೂರಿಗಾಗಲೀ ಬೆಂಗಳೂರಿನಿಂದ ಸೋಗಾನೆಗಾಗಲೀ ಹೊರಟರೆ ದಿಕ್ಕು 180 ಮತ್ತು 359 ಡಿಗ್ರಿಗಳ ನಡುವೆ ಇರುವುದರಿಂದ 10,000, 12,000, 16,000 ಅಡಿಗಳಂಥ ಸಮ ಎತ್ತರಗಳು ಸಲ್ಲುತ್ತವೆ. ಮರಳುವಾಗ ಬೆಸ ಎತ್ತರಗಳು.

ಮಂಗಳೂರಿನ ದಾರಿಯನ್ನೇ ಹತ್ತಿರದಿಂದ ನೋಡೋಣ, ಏಕೆಂದರೆ ಎಟಿಸಿಯ ವಿವೇಚನೆಯನ್ನು ಒರೆಗೆ ಹಚ್ಚಲು ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ನೇರ ಅಳತೆಯಲ್ಲಿ ಇದು ಎಪ್ಪತ್ತು ನಾಟಿಕಲ್ ಮೈಲಿಯೊಳಗಿನ ಪಯಣ. ನೇರ ಗೆರೆ ಎಳೆದರೆ ಅದು ಶೃಂಗೇರಿಯ ಆಸುಪಾಸಿನಲ್ಲಿ ಹಾದು, ಘಟ್ಟ ಇಳಿದು, ಕಾರ್ಕಳದ ಬದಿಯಿಂದ ಕರಾವಳಿಗೆ ಬರುತ್ತದೆ. ಎಡಕ್ಕೆ 1,894 ಮೀಟರ್, ಅಂದರೆ ಸುಮಾರು 6,200 ಅಡಿ ಎತ್ತರದ ಕುದುರೆಮುಖ. ಮಂಗಳೂರಿನ 2,450 ಮೀಟರ್ ಉದ್ದದ ಟೇಬಲ್‌ಟಾಪ್ ರನ್‌ವೇಗೆ 24ರ ಕಡೆಯಿಂದ (ಸುಮಾರು 240 ಡಿಗ್ರಿ ದಿಕ್ಕಿಗೆ ಮುಖಮಾಡಿ) ಇಳಿಯುವುದಾದರೆ ಈಶಾನ್ಯದಿಂದ ಬರಬೇಕು. ಆ ಕೇಂದ್ರರೇಖೆಯನ್ನು ಹಿಂದಕ್ಕೆ ಚಾಚಿದರೆ ಅದು ಇಪ್ಪತ್ತೈದು ನಾಟಿಕಲ್ ಮೈಲಿಯೊಳಗೆ ಕುದುರೆಮುಖದ ಶ್ರೇಣಿಯನ್ನೇ ಮುಟ್ಟುತ್ತದೆ. ಪರ್ವತ ಪ್ರದೇಶದಲ್ಲಿ ಅತ್ಯುನ್ನತ ಅಡಚಣೆಯ ಮೇಲೆ 2,000 ಅಡಿ ಅಂತರ ಇರಬೇಕೆಂಬ ಲೆಕ್ಕ ಹಿಡಿದರೆ ಅಲ್ಲಿ 8,300 ಅಡಿಗಿಂತ ಕೆಳಗೆ ಇರುವಂತಿಲ್ಲ. ಇತ್ತ, ಮೂರು ಡಿಗ್ರಿಯ ಇಳಿಜಾರಿನಲ್ಲಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು. 12,000 ಅಡಿಯಿಂದ 2,000 ಅಡಿಗೆ ಬರಲು ಮೂವತ್ತು ಮೈಲಿ. ಬೇಗ ಇಳಿಸಿದರೆ ಬೆಟ್ಟ, ತಡವಾಗಿ ಇಳಿಸಿದರೆ ರನ್‌ವೇಯ ಮೇಲೆ ಎತ್ತರದಲ್ಲಿ ತೇಲಾಟ. ಈ ಇಕ್ಕಟ್ಟಿನಲ್ಲಿ ಸಿಮ್ಯುಲೇಟರಿನ ಎಟಿಸಿ ಸರಿಯಾಗಿ ನಡೆಸುತ್ತದೆ ಎಂಬ ಭರವಸೆಯ ಮೇಲೆ ಕೂರಬಾರದು. ಯೋಜನೆಯಲ್ಲೇ ಆಗಮನದ ವಿಧಾನವನ್ನೂ ಅಪ್ರೋಚನ್ನೂ (ರನ್‌ವೇಗೆ ಇಳಿದುಬರುವ ಕೊನೆಯ ಹಂತದ ದಾರಿ) ಆಯ್ದು ಹಾಕಿದರೆ ಅದು ಮನಸ್ಸಿಗೆ ಬಂದಂತೆ ದಿಕ್ಕು ಕೊಡುವ ಸಂದರ್ಭಗಳು ಕಡಿಮೆಯಾಗುತ್ತವೆ. ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಅಧಿಕೃತ ನಕ್ಷೆಗಳನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿಯೇ ಪ್ರಕಟಿಸುವುದರಿಂದ, ಅವುಗಳಲ್ಲಿ ಬರೆದಿರುವ ಕನಿಷ್ಠ ಎತ್ತರಗಳನ್ನು ಗುರುತು ಹಾಕಿಕೊಂಡು, ಎಟಿಸಿ ಏನೇ ಹೇಳಿದರೂ ಅದಕ್ಕಿಂತ ಕೆಳಗಿಳಿಯದಿರುವುದು ಉತ್ತಮ. ಆಜ್ಞೆಯನ್ನು ಪಾಲಿಸಲಾಗದು ಎಂದು ಹೇಳುವ ಅಧಿಕಾರ ನಿಜವಾದ ಪೈಲಟ್‌ಗೂ ಇದೆ.

ಇನ್ನೊಂದು ತೊಡಕು ಅಳತೆಯದ್ದು. ಸಿಮ್ಯುಲೇಟರಿನ ಎಟಿಸಿಗೆ ಅಮೆರಿಕದ ರೂಢಿಯ ಛಾಯೆ ಇರುತ್ತದೆ: ಒತ್ತಡವನ್ನು ಪಾದರಸದ ಅಂಗುಲಗಳಲ್ಲಿ ಹೇಳುವುದು, 18,000 ಅಡಿಯವರೆಗೆ ಸ್ಥಳೀಯ ಒತ್ತಡವನ್ನೇ ಬಳಸುವುದು ಇತ್ಯಾದಿ. ಭಾರತದಲ್ಲಿ ಕ್ಯೂಎನ್‌ಎಚ್ ಹೆಕ್ಟೋಪ್ಯಾಸ್ಕಲ್‌ಗಳಲ್ಲಿ ಇರುತ್ತದೆ. ಎತ್ತರಮಾಪಕವನ್ನು ಸ್ಥಳೀಯ ಒತ್ತಡದಿಂದ ಎಲ್ಲೆಡೆಗೂ ಒಂದೇ ಆದ 1013ಕ್ಕೆ ಬದಲಾಯಿಸುವ ಎತ್ತರವು ಅಮೆರಿಕದ್ದಕ್ಕಿಂತ ಬಹಳ ಕೆಳಗಿದ್ದು, ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆಯಾಗಿ ನಕ್ಷೆಯಲ್ಲಿ ಅಚ್ಚಾಗಿರುತ್ತದೆ.

ಎಟಿಸಿ ಮೂಕವಾಗುವುದಕ್ಕೆ ಅಥವಾ ಅಸಂಬದ್ಧವಾಗುವುದಕ್ಕೆ ನಿಲ್ದಾಣದ ದತ್ತಾಂಶವೂ ಕಾರಣವಾಗಬಹುದು ಎಂಬುದನ್ನು ಬಹುತೇಕರು ಗಮನಿಸುವುದಿಲ್ಲ. ಸೋಗಾನೆಯಂಥ ಹೊಸ ನಿಲ್ದಾಣದಲ್ಲಿ ಇದು ಇನ್ನೂ ಮುಖ್ಯ. ಸಿಮ್ಯುಲೇಟರಿನ ಕಡತದಲ್ಲಿ ನಿಲ್ದಾಣಕ್ಕೆ ಟವರ್‌ನ ತರಂಗಾಂತರವೇ ಇಲ್ಲದಿದ್ದರೆ ಅದು ನಿಯಂತ್ರಣವಿಲ್ಲದ ನಿಲ್ದಾಣವೆಂದೇ ಭಾವಿಸಿ, ನಿಮ್ಮ ಚಲನೆಯನ್ನು ನೀವೇ ಘೋಷಿಸಿಕೊಳ್ಳಿ ಎನ್ನುತ್ತದೆ. ಟ್ಯಾಕ್ಸಿವೇಗಳ ಹೆಸರೂ ಜೋಡಣೆಯೂ ತಪ್ಪಿದ್ದರೆ ಹುಲ್ಲಿನ ಮೇಲೆ ನಡೆಸುತ್ತದೆ. ಎಕ್ಸ್‌-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್ ಬಳಸುವವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ವರ್ಲ್ಡ್ ಎಡಿಟರ್ ಎಂಬ ಉಚಿತ ಸಾಧನದಲ್ಲಿ ನಿಲ್ದಾಣವನ್ನು ತೆರೆದು, ತರಂಗಾಂತರಗಳನ್ನು ಬರೆದು, ಟ್ಯಾಕ್ಸಿ ಮಾರ್ಗಗಳ ಜಾಲವನ್ನು ಗೆರೆಗೆರೆಯಾಗಿ ಎಳೆದು, ಗಾಳಿ ಯಾವ ದಿಕ್ಕಿನಿಂದ ಎಷ್ಟು ವೇಗದಲ್ಲಿ ಬೀಸಿದರೆ ಯಾವ ರನ್‌ವೇ ಬಳಸಬೇಕು, ಮೋಡದ ಮಟ್ಟ ಮತ್ತು ಗೋಚರತೆ ಎಷ್ಟಿರಬೇಕು, ದಿನದ ಯಾವ ವೇಳೆಗೆ ಈ ನಿಯಮ ಅನ್ವಯಿಸಬೇಕು ಎಂಬುದನ್ನೆಲ್ಲ ನೀವೇ ನಿಗದಿಪಡಿಸಬಹುದು. ಎಕ್ಸ್‌-ಪ್ಲೇನ್‌ನ ಎಟಿಸಿ ಆ ನಿಯಮಗಳನ್ನು ಓದಿಯೇ ರನ್‌ವೇ ಆರಿಸುತ್ತದೆ. ಹಾಗೆ ತಿದ್ದಿದ ನಿಲ್ದಾಣವನ್ನು ಸೀನರಿ ಗೇಟ್‌ವೇ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸಿದರೆ, ಅಂಗೀಕಾರವಾದ ಮೇಲೆ ಮುಂದಿನ ಪರಿಷ್ಕರಣೆಯಲ್ಲಿ ಜಗತ್ತಿನ ಎಲ್ಲ ಬಳಕೆದಾರರಿಗೂ ಸಿಗುತ್ತದೆ. ಒಂದು ಭಾನುವಾರ ಇದಕ್ಕೆ ಕೂತರೆ ಅದರಿಂದ ಆಗುವ ಸುಧಾರಣೆ, ನಾನು ಕಂಡಂತೆ, ಕೆಲವು ದುಡ್ಡಿನ ತಂತ್ರಾಂಶಗಳಿಂದಲೂ ಆಗುವುದಿಲ್ಲ. ಮುಂಗಾರಿನಲ್ಲಿ ನೈಋತ್ಯದ ಗಾಳಿ ಬಲವಾಗಿ ಬೀಸುವ ಮಲೆನಾಡಿನಲ್ಲಿ ಗಾಳಿಯ ನಿಯಮವನ್ನು ಸರಿಯಾಗಿ ಬರೆದರೆ, ಹಿಂದಿನಿಂದ ಬೀಸುವ ಗಾಳಿಯಲ್ಲಿ ಇಳಿಯಿರಿ ಎಂಬ ವಿಚಿತ್ರ ಆದೇಶ ಬರುವುದು ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿದರೂ ಎರಡನೆಯ ದೋಷ, ಅಂದರೆ ಬಾಯಿ ತೆರೆಯದೆಯೇ ಕೆಲಸ ಸಾಗುವುದು, ಹಾಗೇ ಉಳಿಯುತ್ತದೆ.

ಕೃತಕ ಬುದ್ಧಿಮತ್ತೆಯ ನಿಯಂತ್ರಕರು

ಈ ಅಂತರವನ್ನು ತುಂಬಲು ಬಂದಿರುವ ತಂತ್ರಾಂಶಗಳಲ್ಲಿ ಈಗ ಹೆಚ್ಚು ಮಾತಿನಲ್ಲಿರುವವು ಬಿಯಾಂಡ್‌ಎಟಿಸಿ ಮತ್ತು ಸೇಇಂಟೆನ್ಶನ್ಸ್. ಎರಡರಲ್ಲೂ ನೀವು ಮೈಕಿನಲ್ಲಿ ಮಾತಾಡುತ್ತೀರಿ, ಅದು ಕೇಳಿಸಿಕೊಂಡು ಉತ್ತರಿಸುತ್ತದೆ, ಮರುಪಠಣದಲ್ಲಿ ತಪ್ಪಿದರೆ ತಿದ್ದುತ್ತದೆ. ವ್ಯತ್ಯಾಸ ಇರುವುದು ಸ್ವಭಾವದಲ್ಲಿ ಮತ್ತು ದುಡ್ಡಿನ ಲೆಕ್ಕದಲ್ಲಿ.

ಬಿಯಾಂಡ್‌ಎಟಿಸಿಯನ್ನು ಒಮ್ಮೆ ಕೊಂಡರೆ ಆಯಿತು. ಮೂಲ ಖರೀದಿಯಲ್ಲೇ ಕೆಲವು ಧ್ವನಿಗಳು ಸೇರಿರುತ್ತವೆ; ಅವುಗಳಿಗಿಂತ ಸಹಜವಾದ ಧ್ವನಿಗಳು ಬೇಕೆಂದರೆ ಬೇರೆ ಹಣ. ಇದು ಸಿಮ್‌ಬ್ರೀಫ್ ಎಂಬ ಹಾರಾಟ ಯೋಜನೆಯ ಜಾಲತಾಣದಲ್ಲಿ ನೀವು ತಯಾರಿಸಿದ ಯೋಜನೆಯನ್ನು ಓದಿಕೊಂಡು ಅದರ ಪ್ರಕಾರ ನಡೆಸುವುದರಿಂದ, ನಿಲ್ದಾಣದಿಂದ ನಿಲ್ದಾಣಕ್ಕೆ ಉಪಕರಣಗಳನ್ನೇ ನಂಬಿ ಐಎಫ್‌ಆರ್ ಹಾರಾಟ ಮಾಡುವವರಿಗೆ ಚೆನ್ನಾಗಿ ಹೊಂದುತ್ತದೆ. ಬೆಂಗಳೂರಿನಿಂದ ಸೋಗಾನೆಗೆ ಎಟಿಆರ್ ವಿಮಾನವನ್ನು ತರುವ ಹಾರಾಟದಲ್ಲಿ ಕ್ಲಿಯರೆನ್ಸ್ (ಹಾರಾಟದ ಅನುಮತಿ) ಕೇಳುವುದರಿಂದ ಹಿಡಿದು ನಿಲುಗಡೆಯವರೆಗಿನ ಮಾತುಕತೆ ಒಂದು ಶಿಸ್ತಿನಲ್ಲಿ ಸಾಗುತ್ತದೆ.

ಸೇಇಂಟೆನ್ಶನ್ಸ್‌ಗೆ ತಿಂಗಳ ಬಾಡಿಗೆ ಕಟ್ಟಬೇಕು. ಅದರ ಬುದ್ಧಿ ನಿಮ್ಮ ಕಂಪ್ಯೂಟರಿನಲ್ಲಿಲ್ಲ, ಅಂತರ್ಜಾಲದ ಆಚೆ ಇದೆ. ಪ್ರತಿಯಾಗಿ ಅದು ಮಾತಿನಲ್ಲಿ ಹೆಚ್ಚು ಸಡಿಲ: ಪುಸ್ತಕದ ಪದಪ್ರಯೋಗ ತಪ್ಪಿ ಸಾಮಾನ್ಯ ಇಂಗ್ಲಿಷಿನಲ್ಲಿ ಕೇಳಿದರೂ ಅರ್ಥಮಾಡಿಕೊಂಡು ಉತ್ತರ ಕೊಡುತ್ತದೆ, ಕಣ್ಣಳತೆಯ ವಿಎಫ್‌ಆರ್ ಹಾರಾಟವನ್ನೂ ನಿಭಾಯಿಸುತ್ತದೆ, ಎಕ್ಸ್‌-ಪ್ಲೇನ್‌ನಲ್ಲೂ ಕೆಲಸ ಮಾಡುತ್ತದೆ. ಈ ಸಡಿಲತೆಯೇ ಹೊಸಬರಿಗೆ ವರವಾದರೂ, ಕಲಿಯಲು ಬಯಸುವವರಿಗೆ ಸ್ವಲ್ಪ ಅಪಾಯವೂ ಹೌದು. ಯಾವ ರೀತಿಯಲ್ಲಿ ಹೇಳಿದರೂ ನಡೆಯುತ್ತದೆ ಎಂದಾದ ಮೇಲೆ ಸರಿಯಾದ ರೀತಿಯಲ್ಲಿ ಹೇಳುವ ಅಭ್ಯಾಸ ಬೆಳೆಯುವುದು ಕಷ್ಟ.

ನಮ್ಮ ಉಚ್ಚಾರಣೆಯನ್ನು ಇವು ಹಿಡಿಯುತ್ತವೆಯೇ ಎಂಬ ಅನುಮಾನ ಸಹಜ. ಅಂಕಿಗಳನ್ನು ಒಂದೊಂದಾಗಿ, ಬಿಡಿಸಿ, ಒಂದೇ ಲಯದಲ್ಲಿ ಹೇಳಿದರೆ ಕನ್ನಡಿಗರ ಇಂಗ್ಲಿಷ್ ಇವುಗಳಿಗೆ ಕಷ್ಟವಾಗುವುದಿಲ್ಲ. ತೊಡಕು ಬರುವುದು ಊರುಗಳ ಹೆಸರಿನಲ್ಲಿ. ಇವುಗಳಿಗಿಂತ ಹಳೆಯದಾದ ಪೈಲಟ್‌2ಎಟಿಸಿ ವಿಂಡೋಸ್‌ನ ಧ್ವನಿಗ್ರಹಣವನ್ನು ಅವಲಂಬಿಸಿರುವುದರಿಂದ, ಅದಕ್ಕೆ ನಿಮ್ಮ ದನಿಯನ್ನು ತಾಳ್ಮೆಯಿಂದ ಪರಿಚಯಿಸಬೇಕಾಗುತ್ತದೆ. ಎಫ್‌ಎಸ್‌ಹಡ್ ಎಂಬ ಇನ್ನೊಂದು ತಂತ್ರಾಂಶದ ಮುಖ್ಯ ಬಲ ಸುತ್ತಲಿನ ಇತರ ವಿಮಾನಗಳನ್ನೂ ತಾನೇ ನಿಯಂತ್ರಿಸುವುದರಲ್ಲಿದೆ. ದಿನಕ್ಕೆ ಕೆಲವೇ ವಿಮಾನಗಳು ಬಂದುಹೋಗುವ ಸೋಗಾನೆಯಿಂದ ಹಾರುವವರಿಗೆ ಅದು ಅಷ್ಟಾಗಿ ಬೇಕಾಗದು, ಬೆಂಗಳೂರಿನ ಜೋಡಿ ರನ್‌ವೇಗಳ ದಟ್ಟಣೆ ಬೇಕೆನ್ನುವವರು ಯೋಚಿಸಬಹುದು.

ಮನುಷ್ಯರಿರುವ ಜಾಲಗಳು

1998ರಲ್ಲಿ ಹುಟ್ಟಿದ ಐವಿಎಒ ಮತ್ತು 2001ರಲ್ಲಿ ಹುಟ್ಟಿದ ವ್ಯಾಟ್‌ಸಿಮ್ ಎರಡೂ ಸ್ವಯಂಸೇವಕರ ಜಾಲಗಳು, ಎರಡೂ ಉಚಿತ. ವ್ಯಾಟ್‌ಸಿಮ್‌ಗೆ ಸೇರಲು 13 ವರ್ಷ ತುಂಬಿರಬೇಕು ಮತ್ತು ಮೊದಲ ಹಾರಾಟಕ್ಕೆ ಮುನ್ನ ಒಂದು ಸಣ್ಣ ಪರೀಕ್ಷೆ ದಾಟಬೇಕು. ಮೈಕ್ರೋಸಾಫ್ಟ್ ಸಿಮ್ಯುಲೇಟರಿಗೆ ವಿಪೈಲಟ್, ಎಕ್ಸ್‌-ಪ್ಲೇನ್‌ಗೆ ಎಕ್ಸ್‌ಪೈಲಟ್ ಎಂಬ ಸಂಪರ್ಕ ತಂತ್ರಾಂಶಗಳಿವೆ. ಮಾತಾಡಲು ಅಳುಕಿದ್ದರೆ ಬರಹದಲ್ಲೇ ಉತ್ತರಿಸಲೂ ಅವಕಾಶವಿದೆ. ಐವಿಎಒಗೂ ಭಾರತದ ವಿಭಾಗವಿದೆ. ಎರಡರ ನಡುವೆ ಆರಿಸುವುದಾದರೆ ನೀವು ಹಾರುವ ವೇಳೆಗೆ ಭಾರತದ ನಿಯಂತ್ರಕರು ಎಲ್ಲಿ ಹೆಚ್ಚಾಗಿ ಕೂತಿರುತ್ತಾರೆ ಎಂಬುದನ್ನು ಕೆಲವು ಸಂಜೆ ನಕ್ಷೆಯಲ್ಲಿ ಗಮನಿಸಿ ನಿರ್ಧರಿಸಿದರೆ ಸಾಕು.

ಮೇಲಿನ ಎರಡು ಪ್ರಶ್ನೆಗಳಿಗೂ ಸರಿಯಾದ ಉತ್ತರ ಸಿಗುವುದು ಇಲ್ಲಿಯೇ. ತರಬೇತಿ ಪಡೆದು, ಪರೀಕ್ಷೆ ಮುಗಿಸಿ ಕೂತ ನಿಯಂತ್ರಕನ ಮುಂದೆ ಕನಿಷ್ಠ ಎತ್ತರಗಳ ನಕ್ಷೆ ಇರುತ್ತದೆ. ನಿಮ್ಮ ಮರುಪಠಣದಲ್ಲಿ ಒಂದು ಅಂಕಿ ಹೊರಳಿದರೂ ಆತ ತಡೆಯುತ್ತಾನೆ. ಹಾಗೆ ತಡೆಸಿಕೊಳ್ಳುವಾಗ ಆಗುವ ಮುಜುಗರವೇ ಕಲಿಕೆಯ ಬಹುಪಾಲು. ಆದರೆ ಮನುಷ್ಯರು ಯಾವಾಗಲೂ ಇರುವುದಿಲ್ಲ. ಜಾಲ ಅತ್ಯಂತ ತುಂಬಿರುವುದು ಯುರೋಪಿನ ಸಂಜೆಯಲ್ಲಿ, ನಮ್ಮ ಗಡಿಯಾರದಲ್ಲಿ ಅದು ನಡುರಾತ್ರಿಯ ಆಚೀಚೆ. ನಮ್ಮ ಸಂಜೆಯಲ್ಲಿ ಸೋಗಾನೆಯ ಟವರ್‌ನಲ್ಲಿ ಯಾರಾದರೂ ಕೂತಿರುತ್ತಾರೆ ಎಂಬ ನಿರೀಕ್ಷೆ ಬೇಡ. ಮೇಲಿನ ಸ್ಥಾನದ ನಿಯಂತ್ರಕ ಇದ್ದರೆ ತನ್ನ ವ್ಯಾಪ್ತಿಯ ಸಣ್ಣ ನಿಲ್ದಾಣಗಳನ್ನೂ ಆತನೇ ನೋಡಿಕೊಳ್ಳುವ ಪದ್ಧತಿ ಇದೆ. ಯಾರೂ ಇಲ್ಲದಿದ್ದರೆ 122.800 ತರಂಗಾಂತರದಲ್ಲಿ ನಿಮ್ಮ ನಡೆಯನ್ನು ನೀವೇ ಘೋಷಿಸುತ್ತ ಹಾರಬೇಕು. ಇನ್ನೊಂದು ಮಾತು: ಜಾಲದಲ್ಲಿದ್ದಾಗ ಹಾರಾಟವನ್ನು ಅರ್ಧಕ್ಕೆ ನಿಲ್ಲಿಸಿ ಊಟಕ್ಕೆ ಎದ್ದುಹೋಗುವುದು ಸಲ್ಲದು. ಗಮನವಿಲ್ಲದೆ ಅರ್ಧ ಗಂಟೆಗಿಂತ ಹೆಚ್ಚು ವಿಮಾನವನ್ನು ಬಿಟ್ಟಿರುವುದು ವ್ಯಾಟ್‌ಸಿಮ್‌ನ ನಿಯಮಕ್ಕೆ ವಿರುದ್ಧ.

ಹಣ ಪಡೆದು ನಿಯಂತ್ರಕರನ್ನು ಖಾತರಿಯಾಗಿ ಕೂರಿಸುವ ಪೈಲಟ್‌ಎಡ್ಜ್ ಎಂಬ ಸೇವೆಯೂ ಇದೆ. ಅದರ ವ್ಯಾಪ್ತಿ ಅಮೆರಿಕದ ಆಕಾಶ ಮಾತ್ರ. ನಮಗೆ ಇಲ್ಲಿ ಅದರಿಂದ ಪ್ರಯೋಜನವಿಲ್ಲ.

ಕರೆಂಟು, ನೆಟ್ ಮತ್ತು ಮಳೆ

ನಗರಗಳಲ್ಲಿ ಕೂತು ಬರೆದ ಹೋಲಿಕೆಗಳಲ್ಲಿ ಬಾರದ ಒಂದು ಮಾನದಂಡ ನಮಗೆ ನಿರ್ಣಾಯಕವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತೀರ್ಥಹಳ್ಳಿ, ಹೊಸನಗರ, ಆಗುಂಬೆಯ ಕಡೆ ಮರ ಬಿದ್ದು ತಂತಿ ಹರಿಯುವುದು, ಫೈಬರ್ ತುಂಡಾಗುವುದು, ಮೊಬೈಲ್ ಟವರ್‌ನ ಬ್ಯಾಟರಿ ಮುಗಿದು ಸಂಪರ್ಕ ಕಡಿಯುವುದು ಹೊಸ ಸಂಗತಿಯಲ್ಲ. ಮನುಷ್ಯರ ಜಾಲ ಮತ್ತು ಬಾಡಿಗೆಯ ಕೃತಕ ಬುದ್ಧಿ ಎರಡೂ ನೆಟ್ ಹೋದ ಕ್ಷಣಕ್ಕೆ ನಿಲ್ಲುತ್ತವೆ. ಜಾಲದಲ್ಲಿ ಅಪ್ರೋಚಿನ ನಡುವೆ ಮಾಯವಾದರೆ ಹಿಂದಿದ್ದವರಿಗೂ ತೊಂದರೆ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನ ನೆಲದ ಚಿತ್ರಣವೂ, ವಿಶೇಷವಾಗಿ 2024ರ ಆವೃತ್ತಿಯಲ್ಲಿ, ಅಂತರ್ಜಾಲದಿಂದಲೇ ಹರಿದುಬರಬೇಕು. ಎಕ್ಸ್‌-ಪ್ಲೇನ್ 12ರ ದೃಶ್ಯಾವಳಿ ನಿಮ್ಮ ಡಿಸ್ಕಿನಲ್ಲೇ ಇರುವುದರಿಂದ, ಯುಪಿಎಸ್ ಇದ್ದರೆ ನೆಟ್ ಇಲ್ಲದ ಮಳೆಗಾಲದ ರಾತ್ರಿಯಲ್ಲೂ ಕೈಯಾರೆ ತಿದ್ದಿದ ಎಟಿಸಿಯೊಡನೆ ಹಾರಾಟ ಮುಂದುವರಿಯುತ್ತದೆ. ಹಳ್ಳಿಯ ಮನೆಯಲ್ಲಿರುವವರಿಗೆ ನಾನು ಎಕ್ಸ್‌-ಪ್ಲೇನ್ ಮತ್ತು ವರ್ಲ್ಡ್ ಎಡಿಟರಿನ ದಾರಿಯನ್ನೇ ಮೊದಲು ಸೂಚಿಸುವುದು ಈ ಕಾರಣಕ್ಕೆ.

ಹೆಂಚಿನ ಮಾಡಿನ ಮೇಲೆ ಮಳೆ ಸುರಿಯುವಾಗ ತೆರೆದ ಮೈಕು ಯಾವ ತಂತ್ರಾಂಶದ ಕಿವಿಯನ್ನಾದರೂ ಕೆಡಿಸುತ್ತದೆ. ಬಾಯಿಯ ಹತ್ತಿರ ಕೂರುವ ಮೈಕಿರುವ ಹೆಡ್‌ಸೆಟ್ ಕೊಂಡು, ಮಾತಾಡುವಾಗ ಮಾತ್ರ ಒತ್ತಿ ಹಿಡಿಯುವ ಗುಂಡಿಯನ್ನು ಜಾಯ್‌ಸ್ಟಿಕ್ಕಿಗೆ ಜೋಡಿಸಿಕೊಳ್ಳಬೇಕು. ಧ್ವನಿಯ ಚಂದಾಕ್ಕೆ ಕೊಡುವ ದುಡ್ಡಿಗಿಂತ ಈ ದುಡ್ಡು ಹೆಚ್ಚು ಸಾರ್ಥಕ.

ಹಾಗಾದರೆ ಯಾರಿಗೆ ಯಾವುದು? ಪೈಲಟ್ ತರಬೇತಿಗೆ ಸೇರುವ ಆಲೋಚನೆಯಿರುವ ವಿದ್ಯಾರ್ಥಿಗೆ, ನಗರದಲ್ಲಿ ಸ್ಥಿರವಾದ ಸಂಪರ್ಕವಿದ್ದರೆ, ವ್ಯಾಟ್‌ಸಿಮ್ ಅಥವಾ ಐವಿಎಒ ಬಿಟ್ಟು ಬೇರೆ ಮಾತಿಲ್ಲ. ಅಳುಕು ಕಳೆಯುವವರೆಗೆ ಬಿಯಾಂಡ್‌ಎಟಿಸಿಯಲ್ಲಿ ಮರುಪಠಣವನ್ನು ರೂಢಿ ಮಾಡಿಕೊಳ್ಳಬಹುದು. ಕೆಲಸ ಮುಗಿಸಿ ಬಂದು ರಾತ್ರಿ ಒಂದು ಹಾರಾಟ ಮಾಡಿ ಮಲಗುವವರಿಗೆ, ನಡುವೆ ಎದ್ದುಹೋಗುವ ಸ್ವಾತಂತ್ರ್ಯವೂ ಬೇಕಿರುವುದರಿಂದ, ಒಮ್ಮೆ ಹಣ ಕೊಟ್ಟು ಮುಗಿಸುವ ತಂತ್ರಾಂಶ ಸರಿ. ತಿಂಗಳ ಬಾಡಿಗೆಯ ಸೇವೆಯನ್ನು ಒಂದು ತಿಂಗಳಿಗೆ ಮಾತ್ರ ತೆಗೆದುಕೊಂಡು, ವಿಎಫ್‌ಆರ್ ಹಾರಾಟಗಳಲ್ಲಿ ಅದು ನಿಜವಾಗಿ ಬಳಕೆಯಾಯಿತೇ ಎಂದು ನೋಡಿದ ಮೇಲಷ್ಟೇ ಮುಂದುವರಿಸಬೇಕು. ಸೋಗಾನೆಯಿಂದ ಸೆಸ್ನಾ ಏರಿ ಲಿಂಗನಮಕ್ಕಿಯ ಹಿನ್ನೀರನ್ನು ಅನುಸರಿಸಿ 253 ಮೀಟರ್ ಎತ್ತರದ ಜೋಗವನ್ನು ನೋಡಿ ಬರುವುದಷ್ಟೇ ಉದ್ದೇಶವಾದರೆ, ದಾರಿಯುದ್ದಕ್ಕೂ ಮಾತಾಡಬೇಕಾದ ನಿಯಂತ್ರಕ ಬಹುಮಟ್ಟಿಗೆ ಇರುವುದೇ ಇಲ್ಲ. ಅಂಥವರು ಎಟಿಸಿಗೆ ಒಂದು ರೂಪಾಯಿಯನ್ನೂ ಸುರಿಯಬೇಕಾಗಿಲ್ಲ.

ಹೊಸದನ್ನು ಆರಿಸಿದ ಮೇಲೆ ಹಳೆಯದನ್ನು ಪೂರ್ತಿ ಸುಮ್ಮನಾಗಿಸಲು ಮರೆಯಬಾರದು. ಸಿಮ್ಯುಲೇಟರಿನ ಎಟಿಸಿ ಧ್ವನಿಯನ್ನು ಸೊನ್ನೆಗಿಳಿಸಿ, ಸಹಪೈಲಟ್‌ಗೆ ರೇಡಿಯೋ ಒಪ್ಪಿಸುವ ಆಯ್ಕೆಯನ್ನು ತೆಗೆದುಹಾಕಬೇಕು. ಇಲ್ಲದಿದ್ದರೆ ಆ ಸಹಪೈಲಟ್ ನಿಮ್ಮ ಬೆನ್ನ ಹಿಂದೆಯೇ ತರಂಗಾಂತರ ಬದಲಿಸುತ್ತಿರುತ್ತಾನೆ. ವ್ಯಾಟ್‌ಸಿಮ್‌ಗೆ ಹೋಗುವಾಗ ಸಿಮ್ಯುಲೇಟರಿನ ಸ್ವಂತ ವಿಮಾನ ಸಂಚಾರವನ್ನೂ ಬಂದ್ ಮಾಡಬೇಕು. ನಿಯಂತ್ರಕನ ಪರದೆಯಲ್ಲಿಲ್ಲದ ವಿಮಾನವೊಂದು ನಿಮ್ಮ ರನ್‌ವೇಯ ಮೇಲೆ ನಿಂತಿದ್ದರೆ, ಅದನ್ನು ಆತನಿಗೆ ವಿವರಿಸಿ ಹೇಳುವ ಪದಪ್ರಯೋಗ ಯಾವ ಕೈಪಿಡಿಯಲ್ಲೂ ಇಲ್ಲ.